ಕೊಲ್ಲಿಯಲ್ಲಿ ಎದ್ದದ್ದು, ಕೆರೆಯಲ್ಲಿ ಒಡೆದದ್ದು

ನಮ್ಮೂರು ಮನೂರಿನಿಂದ ಕಾಕಿನಾಡದ ಕಡಲದಂಡೆ ನಾನ್ನೂರು ಕಿಲೋಮೀಟರಿಗೂ ದೂರ. ನಮ್ಮ ಕಡೆಯ ಎಷ್ಟೋ ಹಿರಿಯರು ಸಮುದ್ರ ಕಾಣದೆಯೇ ಬದುಕು ಮುಗಿಸಿದ್ದಾರೆ. ಆದರೂ ‘ತೂಫಾನ್’ ಎಂಬ ಮಾತು ನಮಗೆ ಹೊಸದಲ್ಲ. ಮಕ್ಕಳ ಗಲಾಟೆಗೆ ತೂಫಾನ್, ಅತ್ತೆ–ಸೊಸೆ ಜಗಳಕ್ಕೆ ತೂಫಾನ್, ಒಳಗೊಂದಿಷ್ಟು, ಹಿಂದೆ ನೇತಾಡಿಕೊಂಡು ಒಂದಿಷ್ಟು ಜನರನ್ನು ಹೊತ್ತು ಸಂತೆಗೆ ಓಡುವ ಗಾಡಿಗೂ ತೂಫಾನ್ ಎಂದೇ ಹೆಸರು. ದಿನಕ್ಕೆ ಹತ್ತು ಸಲ ಆಡುವ ಮಾತಿಗೆ ಅಂಜಿಕೆ ಉಳಿಯುವುದಿಲ್ಲ.

ಅಂಜಿಕೆ ಉಳಿದದ್ದು ಇನ್ನೊಂದು ಮಾತಿಗೆ. ತುಗ್ಯಾನಿ. ಉರ್ದುವಿನಲ್ಲಿ ಉಕ್ಕಿ ಬಂದ ಪ್ರವಾಹ ಎಂದರ್ಥ. ಆದರೆ ಹೈದರಾಬಾದಿನಲ್ಲಿ ತುಗ್ಯಾನಿ ಎಂದರೆ ಯಾವುದೋ ಒಂದು ಪ್ರವಾಹವಲ್ಲ, 1908ರ ಸೆಪ್ಟೆಂಬರಿನದು ಮಾತ್ರ. ‘ತುಗ್ಯಾನಿ ಸಿತಂಬರ್’ ಎಂದೇ ಅದನ್ನು ಕರೆದರು. ತುಗ್ಯಾನಿಗೆ ಮೊದಲು ಹುಟ್ಟಿದವರು, ತುಗ್ಯಾನಿ ಆದಮೇಲೆ ಮದುವೆಯಾದವರು ಎಂದು ಒಂದು ತಲೆಮಾರಿನವರ ವಯಸ್ಸನ್ನು ಅದರಿಂದಲೇ ಎಣಿಸುತ್ತಿದ್ದರು.

ಆ ಕಥೆ ನಮ್ಮದೂ ಹೌದು. ಇಂದು ನಾರಾಯಣಖೇಡ, ಜಹೀರಾಬಾದ್, ತಾಂಡೂರು ತೆಲಂಗಾಣದಲ್ಲಿವೆ. ಆದರೆ 1956ರ ಅಕ್ಟೋಬರ್ ಕೊನೆಯವರೆಗೆ ನಾರಾಯಣಖೇಡ ತಾಲ್ಲೂಕು ಬೀದರ್ ಜಿಲ್ಲೆಯಲ್ಲಿತ್ತು, ಜಹೀರಾಬಾದೂ ಅದರಲ್ಲೇ ಇತ್ತು, ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆ ಸರಿಯಿತು, ಮನೆಮಾತು ಇದ್ದಲ್ಲೇ ಉಳಿಯಿತು. ಗೆರೆಯ ಆಚೆಗಿರಲಿ ಈಚೆಗಿರಲಿ, ಅಂದಿನ ಬೀದರ್, ಗುಲಬರ್ಗಾ, ರಾಯಚೂರಿನ ಕನ್ನಡಿಗರಿಗೆ ರಾಜಧಾನಿ ಹೈದರಾಬಾದೇ. ಕೋರ್ಟು ಕಚೇರಿಗೆ, ನೌಕರಿಗೆ, ದೊಡ್ಡ ದವಾಖಾನೆಗೆ ಅಲ್ಲಿಗೇ ಹೋಗಬೇಕು. 1874ರಿಂದಲೂ ವಾಡಿ–ಹೈದರಾಬಾದ್ ರೈಲು ತಾಂಡೂರಿನ ಮೇಲೆಯೇ ಓಡುತ್ತಿತ್ತು.

ತುಗ್ಯಾನಿಯನ್ನು ತಂದದ್ದು ಬಂಗಾಳ ಕೊಲ್ಲಿಯ ಸುಳಿ. ಆ ಕೊಲ್ಲಿಯ ಚಂಡಮಾರುತ ಕಡಲದಂಡೆಯಲ್ಲಿ ಹೇಗೆ ಕೊಲ್ಲುತ್ತದೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಗೋಲ್ಕೊಂಡದ ಸುಲ್ತಾನರಿಗೆ ಬಂದರು ಎಂದರೆ ಮಚಲೀಪಟ್ಟಣ. ಜನ ಅದನ್ನು ಬರೀ ‘ಬಂದರು’ ಎಂದೇ ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ. 1864ರ ನವೆಂಬರ್ 1ರ ರಾತ್ರಿ ಚಂಡಮಾರುತವೊಂದು ಅಲ್ಲಿ ಸಮುದ್ರವನ್ನೇ ಎತ್ತಿ ಊರಿನ ಮೇಲೆ ಸುರಿಯಿತು. ಸುಮಾರು 30,000 ಜನ ಸತ್ತರು. ಮುನ್ನೂರು ವರ್ಷ ಬಟ್ಟೆ ವ್ಯಾಪಾರದಲ್ಲಿ ಮೆರೆದ ಊರು ಆಮೇಲೆ ಮೊದಲಿನಂತೆ ಎದ್ದು ನಿಲ್ಲಲೇ ಇಲ್ಲ. 1977ರ ನವೆಂಬರ್ 19ರಂದು ಅದೇ ದಂಡೆಯಲ್ಲಿ, ಕೃಷ್ಣೆ ಕವಲೊಡೆದು ಸಮುದ್ರ ಸೇರುವ ದಿವಿಸೀಮೆಗೆ ಐದಾರು ಮೀಟರ್ ಎತ್ತರದ ಅಲೆ ನುಗ್ಗಿತು. ಹತ್ತು ಸಾವಿರ ಸಾವು ಎಂಬುದು ಕಡಿಮೆಯ ಲೆಕ್ಕ. ಸತ್ತವರ ನೆನಪಿನ ಸ್ತಂಭ ಅಲ್ಲಿನ ಅವನಿಗಡ್ಡದಲ್ಲಿದೆ. ಎರಡೂ ಸಲ ಜನ ಬಹುಪಾಲು ಗಾಳಿಗೆ ಸಾಯಲಿಲ್ಲ, ನೀರಿಗೆ ಸತ್ತರು. ಗಾಳಿ ನೀರನ್ನು ಹೊತ್ತು ತಂದಿತ್ತು, ಅಷ್ಟೆ.

ದಂಡೆ ದಾಟಿ ಒಳನಾಡಿಗೆ ಬರುತ್ತಿದ್ದಂತೆ ಚಂಡಮಾರುತ ಸೊರಗುತ್ತದೆ. ಬಿಸಿ ಸಮುದ್ರದಿಂದ ಸಿಗುತ್ತಿದ್ದ ಬಲ ತಪ್ಪಿ ಗಾಳಿ ಇಳಿಯುತ್ತದೆ. ಮೋಡ ಮಾತ್ರ ಇಳಿಯುವುದಿಲ್ಲ. ಸೊರಗಿದ ಸುಳಿ ದಖ್ಖನಿನ ಮೇಲೆ ನಿಧಾನವಾಗಿ ತೆವಳುತ್ತ ಹೊತ್ತು ತಂದದ್ದನ್ನೆಲ್ಲ ಸುರಿಯುತ್ತದೆ. ಸಮುದ್ರವೇ ಇಲ್ಲದ ಈ ಎತ್ತರದ ನಾಡಿನಲ್ಲಿ ಅಲೆ ಎಲ್ಲಿಂದ ಬರಬೇಕು? 1908ರಲ್ಲಿ ಅದು ಕೆರೆಗಳಿಂದ ಬಂತು.

ವಿಕಾರಾಬಾದಿನ ಪಕ್ಕದ ಅನಂತಗಿರಿ ಗುಡ್ಡ ನಮ್ಮ ಸೀಮೆಯ ನೆತ್ತಿ ಇದ್ದಂತೆ. ಕೆಂಪು ಮುರ್ರಂ ಕಲ್ಲು, ಕುರುಚಲು ಕಾಡು, ನಡುವೆ ಅನಂತಪದ್ಮನಾಭನ ಗುಡಿ. ಗುಡ್ಡದ ಮೂಡಣ ಮೈಗೆ ಬಿದ್ದ ನೀರು ಮೂಸಿಯಾಗಿ ಹೈದರಾಬಾದ್ ಹೊಕ್ಕು, ವಾಡಪಲ್ಲಿಯಲ್ಲಿ ಕೃಷ್ಣೆ ಸೇರುತ್ತದೆ. ಪಡುವಣ ಮೈಯ ನೀರು ಕಾಗಿಣಾ ಸೇರಿ, ತಾಂಡೂರು ದಾಟಿ, ಅಮೋಘವರ್ಷನ ರಾಜಧಾನಿ ಮಳಖೇಡದ ಕೋಟೆಯ ಬುಡ ಸವರಿಕೊಂಡು ಭೀಮೆಗೆ ಇಳಿಯುತ್ತದೆ. ಒಂದೇ ಮಳೆಯ ಎರಡು ಹನಿ, ಗಾಳಿ ಎತ್ತ ತಳ್ಳಿತೋ ಅತ್ತ, ಒಂದು ಚಾರ್‌ಮಿನಾರಿನ ದಾರಿ ಹಿಡಿದರೆ ಇನ್ನೊಂದು ಮಳಖೇಡದ ದಾರಿ ಹಿಡಿಯುತ್ತದೆ. ಮನೂರಿನ ನೀರು ಎರಡಕ್ಕೂ ಸೇರದು. ಅದು ಮಂಜೀರೆಗೆ ಇಳಿದು ಗೋದಾವರಿಗೆ ಹೋಗುತ್ತದೆ.

ಇನ್ನು ಕೆರೆಯ ಮಾತು. ದಖ್ಖನಿನ ಕೆರೆ ಅಗೆದ ಹೊಂಡವಲ್ಲ. ಇಳಿಜಾರಿನ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರು. ಏರಿಯ ನೀರಿನ ಮಗ್ಗುಲಿಗೆ ಕಲ್ಲಿನ ಹೊದಿಕೆ, ಹೊಲದ ಮಗ್ಗುಲಿಗೆ ಬರೀ ಹುಲ್ಲು, ನಡುವೆ ಗದ್ದೆಗೆ ನೀರು ಬಿಡುವ ತೂಬು, ಒಂದು ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗಲು ಕೋಡಿ. ಮೇಲಿನ ಊರಿನ ಕೋಡಿ ನೀರೇ ಕೆಳಗಿನ ಊರಿನ ಕೆರೆಗೆ ಆಧಾರ. ಹೀಗೆ ಒಂದರ ಕೆಳಗೊಂದು, ಸರದ ಮಣಿಗಳ ಹಾಗೆ ಪೋಣಿಸಿಕೊಂಡು ಹೋಗುತ್ತವೆ. ಬರದ ನಾಡಿಗೆ ಇದಕ್ಕಿಂತ ಜಾಣತನದ ಏರ್ಪಾಟು ಇನ್ನೊಂದಿಲ್ಲ. ಆದರೆ ಏರಿಯ ಎತ್ತರ, ಕೋಡಿಯ ಅಗಲ ಎಲ್ಲವೂ ಊರಿನವರು ಕಂಡು ಕೇಳಿದ ಮಳೆಯ ಅಳತೆಗೆ ಕಟ್ಟಿದವು. ಯಾರೂ ಕಂಡಿರದ ಮಳೆ ಬಂದರೆ ಕೋಡಿ ಸಾಲದು. ನೀರು ಏರಿಯ ನೆತ್ತಿ ಹತ್ತುತ್ತದೆ. ಮೊದಲು ಹುಲ್ಲಿನ ಮಗ್ಗುಲಿಗೆ ಕಿರುಬೆರಳು ದಪ್ಪದ ಧಾರೆಯೊಂದು ಇಳಿಯುತ್ತದೆ. ಅದು ಮಣ್ಣು ಕೊರೆದು ಕಾಲುವೆಯಾಗುತ್ತದೆ, ಕಾಲುವೆಯ ಅಂಚು ಕುಸಿಯುತ್ತದೆ, ನೋಡನೋಡುತ್ತ ಏರಿಯಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ವರ್ಷವಿಡೀ ಕೂಡಿಟ್ಟ ನೀರು ಒಂದೇ ಉಸಿರಿಗೆ ಹೊರಟು ಕೆಳಗಿನ ಕೆರೆಗೆ ಗುದ್ದುತ್ತದೆ. ಆ ಕೆರೆಯೂ ಆಗಲೇ ತುಂಬಿ ನಿಂತಿರುತ್ತದೆ.

ಹೈದರಾಬಾದಿಗೆ ಮೇಲ್ಗಡೆ ಮೂಸಿ ಮತ್ತು ಅದರ ಉಪನದಿ ಈಸಿಯ ಜಲಾನಯನದಲ್ಲಿ ಇಂಥ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ.

ಮಳೆ ಹಿಡಿದದ್ದು ಸೆಪ್ಟೆಂಬರ್ 26ರ ಶನಿವಾರ. ಆ ಹೊತ್ತಿಗೆ ಮುಂಗಾರು ಮುಗಿಯುತ್ತ ಬಂದು ಕೆರೆಗಳು ತುಂಬಿದ್ದವು, ಹೊಲದ ಮಣ್ಣಿಗೆ ಇನ್ನು ನೀರು ಕುಡಿಯುವ ದಾಹವಿರಲಿಲ್ಲ. ಬಂಗಾಳ ಕೊಲ್ಲಿಯಿಂದ ಒಳನಾಡಿಗೆ ನುಗ್ಗಿದ ಸುಳಿ ಭಾನುವಾರ ರಾತ್ರಿ ಆಕಾಶವನ್ನೇ ಬಿಚ್ಚಿ ಸುರಿಯಿತು. ಹೈದರಾಬಾದಿನಿಂದ 12 ಮೈಲಿ ದೂರದ ಶಂಷಾಬಾದಿನಲ್ಲಿ 24 ತಾಸಿಗೆ 12.8 ಅಂಗುಲ ಮಳೆ ದಾಖಲಾಯಿತು. ನಮ್ಮ ಸೀಮೆಯಲ್ಲಿ ಇಡೀ ವರ್ಷಕ್ಕೆ 30–35 ಅಂಗುಲ ಬಿದ್ದರೆ ಒಳ್ಳೆಯ ವರ್ಷ ಎನ್ನುತ್ತೇವೆ. ಅದರ ಮೂರನೆಯ ಒಂದು ಪಾಲು ಒಂದೇ ದಿನದಲ್ಲಿ ಬಿತ್ತು.

ಕತ್ತಲಲ್ಲಿ ಯಾವ ಏರಿ ಮೊದಲು ಒಡೆಯಿತೋ ನೋಡಿದವರು ಯಾರು? ಪಾಲಮಾಕುಲ, ಪಾರ್ತಿ ಎಂಬ ದೊಡ್ಡ ಕೆರೆಗಳು ಒಡೆದದ್ದು ಮುಂದೆ ದಾಖಲೆಗೆ ಬಂತು. ಒಟ್ಟು 221 ಕೆರೆಗಳು ಒಡೆದಿದ್ದವು. ಹಾಗೆಂದರೆ ನಗರಕ್ಕೆ ಬಂದದ್ದು ಆ ರಾತ್ರಿಯ ಮಳೆ ಮಾತ್ರವಲ್ಲ, ಹಿಂದಿನ ನಾಲ್ಕು ತಿಂಗಳ ಮಳೆಯೂ ಅದರ ಬೆನ್ನಿಗೇ ಬಂತು. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ಮೂಸಿಯಲ್ಲಿ ಸೆಕೆಂಡಿಗೆ ನಾಲ್ಕೂಕಾಲು ಲಕ್ಷ ಘನ ಅಡಿ ನೀರು ಹರಿಯಿತೆಂದು ಎಂಜಿನಿಯರುಗಳು ಆಮೇಲೆ ಲೆಕ್ಕ ಹಾಕಿದರು.

ರಂಜಾನ್ ತಿಂಗಳು ಆಗತಾನೆ ಶುರುವಾಗಿತ್ತು. ಸೋಮವಾರ, ಸೆಪ್ಟೆಂಬರ್ 28ರ ನಸುಕಿನಲ್ಲಿ ನೀರು ದಂಡೆ ಮೀರಿತು. ಊರಿನ ಕೋಟೆಗೋಡೆ ಮೊದಲಿಗೆ ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಅಲ್ಲಲ್ಲಿ ಬಿರಿಯಿತು. ಕೋಲ್ಸಾವಾಡಿ, ಘಾನ್ಸಿ ಬಜಾರ್, ಅಫ್ಜಲ್‌ಗಂಜ್ ಕಡೆಯ ಮನೆಗಳಲ್ಲಿ ಬಹಳಷ್ಟು ಮಣ್ಣಿನ ಗೋಡೆಯವು. ಮಣ್ಣಿನ ಗೋಡೆ ನೀರಿನಲ್ಲಿ ಬೀಳುವುದಿಲ್ಲ, ಕರಗುತ್ತದೆ. ಬುಡ ಮೆತ್ತಗಾದದ್ದು ಮಾಳಿಗೆ ಹತ್ತಿ ಕುಳಿತವರಿಗೆ ತಿಳಿಯುವಂತಿರಲಿಲ್ಲ. ಮಾಳಿಗೆ ಸಮೇತ ಕುಸಿದರು. ನದಿಯ ಮೇಲಿನ ಸೇತುವೆಗಳಲ್ಲಿ ಗಟ್ಟಿಯಾಗಿ ನಿಂತದ್ದು 1578ರ ಪುರಾನಾಪುಲ್. ಉಳಿದ ಮೂರನ್ನೂ ನೀರು ಕೊಚ್ಚಿಕೊಂಡು ಹೋಗಿ ಊರು ಎರಡು ಹೋಳಾಯಿತು.

ಅಫ್ಜಲ್‌ಗಂಜಿನ ಆಸ್ಪತ್ರೆಯ ಅಂಗಳದಲ್ಲಿ ಹಳೆಯ ಹುಣಸೆ ಮರವೊಂದಿತ್ತು. ಸುಮಾರು 150 ಜನ ಅದರ ಕೊಂಬೆ ಹಿಡಿದು ಬದುಕಿದರು. ಹುಣಸೆಯನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಆಲ ಅರಳಿಯ ಕೊಂಬೆ ಗಾಳಿಗೆ ಲಟಕ್ಕೆಂದು ಮುರಿದೀತು, ಹುಣಸೆಯ ಕೊಂಬೆ ಬಾಗಿದರೂ ಬಿಡುವುದಿಲ್ಲ. ನಮ್ಮಲ್ಲಿ ಎತ್ತಿನ ಗಾಣದ ಒರಳಿಗೂ ಒನಕೆಗೂ ಅದೇ ಕಟ್ಟಿಗೆ. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪ್ರತಿವರ್ಷ ಸೆಪ್ಟೆಂಬರ್ 28ರಂದು ಒಂದಿಷ್ಟು ಜನ ಅದರ ಕೆಳಗೆ ಸೇರಿ ಸತ್ತವರನ್ನು ನೆನೆಯುತ್ತಾರೆ.

ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ದಿನ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಣ್ಣೆದುರೇ ಕಳೆದುಕೊಂಡರು. ಒಬ್ಬರೇ ಉಳಿದರು. ಮುಂದೆ ರುಬಾಯಿಗಳಿಗೆ ಹೆಸರಾದ ಆ ಕವಿ ತುಗ್ಯಾನಿಯ ಮೇಲೆ ದೀರ್ಘ ಕವಿತೆಯನ್ನೂ ಬರೆದರು.

ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯತೊಡಗಿತು. ಸುಮಾರು 19,000 ಮನೆಗಳು ನೆಲಸಮವಾಗಿದ್ದವು, 80,000 ಜನರಿಗೆ ಸೂರು ಹೋಗಿತ್ತು. ಸತ್ತವರು ಹತ್ತು ಸಾವಿರವೆಂದು ಕೆಲವರು, ಹದಿನೈದು ಸಾವಿರವೆಂದು ಕೆಲವರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅರಮನೆಯ ಬಾಗಿಲು ತೆರೆಸಿದ, ಗಂಜಿ ಕೇಂದ್ರ ನಡೆಸಿದ. ಪರಿಹಾರದ ಕೆಲಸಕ್ಕೆ ನಿಂತವರಲ್ಲಿ ಸರೋಜಿನಿ ನಾಯ್ಡು ಕೂಡ ಇದ್ದರು, ಅದಕ್ಕಾಗಿ ಅವರಿಗೆ ಕೈಸರ್–ಇ–ಹಿಂದ್ ಪದಕ ಬಂತು. ನಿಜಾಮ ಧೋತರ ಉಟ್ಟು, ಬೆಳ್ಳಿ ತಟ್ಟೆಯಲ್ಲಿ ಸೀರೆ, ಅರಿಸಿನ ಕುಂಕುಮ, ಮುತ್ತು ಇಟ್ಟು ಮೂಸಿಗೆ ಬಾಗಿನ ಬಿಟ್ಟು ಆರತಿ ಎತ್ತಿದ, ಆಮೇಲೆ ಹೊಳೆ ಶಾಂತವಾಯಿತು ಎಂಬ ಕಥೆಯನ್ನು ಹೈದರಾಬಾದಿನವರು ಈಗಲೂ ಹೇಳುತ್ತಾರೆ. ಕಥೆಯ ತೂಕ ಎಷ್ಟೇ ಇರಲಿ, ಹಾವು ಕಚ್ಚಿದವರು ಅವನ ಹೆಸರು ಹೇಳಿದರೆ ವಿಷ ಇಳಿಯುತ್ತದೆ ಎಂದು ನಂಬಿದ್ದ ಪ್ರಜೆಗಳು ಅವನ ಬಗ್ಗೆ ಇಂಥ ಕಥೆ ಕಟ್ಟಿದ್ದರಲ್ಲಿ ಸೋಜಿಗವಿಲ್ಲ.

ಆದರೆ ಆರತಿಯಿಂದ ಮುಂದಿನ ಪ್ರವಾಹ ನಿಲ್ಲದೆಂಬುದು ದರ್ಬಾರಿಗೂ ಗೊತ್ತಿತ್ತು. ಅವರು ತಂತಿ ಕಳಿಸಿದ್ದು ಒಬ್ಬ ಕನ್ನಡಿಗನಿಗೆ. ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಬಿಟ್ಟು, ಸ್ವಂತ ಖರ್ಚಿನಲ್ಲಿ ಯುರೋಪ್ ಸುತ್ತುತ್ತಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ಆ ತಂತಿ ಇಟಲಿಯಲ್ಲಿ ಸಿಕ್ಕಿತು. ಅವರು ಪ್ರವಾಸ ಅರ್ಧಕ್ಕೆ ಬಿಟ್ಟು ಓಡಿಬರಲಿಲ್ಲ. ನೋಡಬೇಕಾದ್ದನ್ನು ನೋಡಿ ಮುಗಿಸಿ 1909ರ ಏಪ್ರಿಲ್ 15ರಂದು ಹೈದರಾಬಾದಿಗೆ ಬಂದು ಕೆಲಸ ಹಿಡಿದರು. ಆ ಕಾಲಕ್ಕೆ ಮುಂಬಯಿ ಕಡೆಯಿಂದ ಬರುವ ರೈಲಿನ ದಾರಿ ವಾಡಿ, ತಾಂಡೂರು, ವಿಕಾರಾಬಾದ್. ಅಂದರೆ ಕಾಗಿಣೆಯ ಬಯಲಿನಿಂದ ಮೂಸಿ ಹುಟ್ಟುವ ನೆತ್ತಿಗೆ ಹತ್ತಿ, ಮೂಸಿಯ ಕಡೆಗೆ ಇಳಿಯುವ ದಾರಿ. ಕಿಟಕಿ ಪಕ್ಕ ಕುಳಿತ ಎಂಜಿನಿಯರಿಗೆ ಇದಕ್ಕಿಂತ ಒಳ್ಳೆಯ ಸಮೀಕ್ಷೆ ಬೇಡ.

ವಿಶ್ವೇಶ್ವರಯ್ಯ ಮೊದಲು ಮಾಡಿದ್ದು ಲೆಕ್ಕ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆ, ಎಷ್ಟು ಒಡೆದವು, ನೀರಿನ ಗುರುತು ಯಾವ ಗೋಡೆಯ ಮೇಲೆ ಎಷ್ಟು ಎತ್ತರಕ್ಕಿದೆ ಎಂದು ಒಂದೊಂದನ್ನೂ ಕೂಡಿಸಿದರು. 788, 221 ಎಂಬ ಅಂಕಿಗಳು ಉಳಿದಿರುವುದು ಆ ಶ್ರಮದಿಂದಲೇ. ಅಕ್ಟೋಬರ್ 1ಕ್ಕೆ ವರದಿ ಒಪ್ಪಿಸಿದರು. ನದಿಯನ್ನು ಊರೊಳಗೆ ಗೋಡೆ ಕಟ್ಟಿ ತಡೆದರೆ ಸಾಲದು, ಊರಿಗೆ ಬರುವ ಮುನ್ನವೇ ತಡೆಯಬೇಕು ಎಂಬುದು ಅದರ ತಿರುಳು. ನಗರದಿಂದ ಮೇಲೆ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಿ, ಮಹಾಪೂರ ಬಂದಾಗ ಅದನ್ನು ಅಲ್ಲಿ ಹಿಡಿದಿಟ್ಟುಕೊಂಡು ಹೊಳೆ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡುವ ಯೋಜನೆ. ನನಗೆ ಕಾಣುವ ಹಾಗೆ ಇದರಲ್ಲಿ ಹೊಸತೇನೂ ಇಲ್ಲ, ಕೆರೆಯ ಪಾಠವೇ. ಊರಿನ ಏರಿಯನ್ನು ದೊಡ್ಡದು ಮಾಡಿ, ಕೋಡಿಗೆ ಗೇಟು ಕೂರಿಸಿ, ಯಾರೂ ಕಂಡಿರದ ಮಳೆಗೂ ಜಾಗ ಉಳಿಸಿದ್ದು. ಆ ಕೊನೆಯ ಮಾತಿನಲ್ಲೇ ಇತ್ತು ವಿದ್ಯೆಯೆಲ್ಲ.

ನವೆಂಬರಿನಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಹೊರಟರು. ಮೈಸೂರು ಕಡೆಯವರಿಗೆ ಸರ್ ಎಂ.ವಿ. ಎಂದರೆ ಕನ್ನಂಬಾಡಿ ಕಟ್ಟೆ, ಅದಕ್ಕೆ ಮೊದಲು ನಿಜಾಮನ ರಾಜಧಾನಿಗೆ ಬರೆದುಕೊಟ್ಟ ಈ ವರದಿ ಪಠ್ಯಪುಸ್ತಕಕ್ಕೆ ಒಂದು ಸಾಲು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ತಂತಿ ಕಳಿಸಿದ ನಿಜಾಮ 1911ರಲ್ಲೇ ತೀರಿಕೊಂಡಿದ್ದ. ಜಲಾಶಯಗಳಿಗೆ ಬಂದದ್ದು ಅವನ ಮಗ ಮೀರ್ ಉಸ್ಮಾನ್ ಅಲಿ ಖಾನ್ ಮತ್ತು ಮೊಮ್ಮಗನ ಹೆಸರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಶುರುವಾಯಿತು. ಹೈಕೋರ್ಟು, ಸಿಟಿ ಕಾಲೇಜು, ಉಸ್ಮಾನಿಯಾ ಆಸ್ಪತ್ರೆ ಇವೆಲ್ಲ ಮೂಸಿಯ ದಂಡೆಗೇ ಎದ್ದು ನಿಂತವು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಪ್ರವಾಹ ಬಂತು, ಕನ್ನಡಿಗ ಬಂದ, ಕಟ್ಟೆ ಕಟ್ಟಿದ ಎನ್ನುವುದು ಸುಲಭ. ನೂರಾಹನ್ನೆರಡು ವರ್ಷದ ಮೇಲೆ ಕೊಲ್ಲಿಯಿಂದ ಮತ್ತೊಂದು ಸುಳಿ ಬರದಿದ್ದರೆ ನಾನೂ ಹಾಗೇ ಎನ್ನುತ್ತಿದ್ದೆನೇನೋ.

2020ರ ಅಕ್ಟೋಬರಿನ ಆ ಸುಳಿಗೆ ಹೆಸರೂ ಇರಲಿಲ್ಲ. ಗಾಳಿಯ ವೇಗ ತಾಸಿಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಚಂಡಮಾರುತಕ್ಕೆ ಹೆಸರಿಡುತ್ತದೆ. ಇದು ಅಷ್ಟು ಏರದೆ ‘ತೀವ್ರ ವಾಯುಭಾರ ಕುಸಿತ’ ಎಂಬ ದರ್ಜೆಯಲ್ಲೇ ಉಳಿಯಿತು. 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಂಡೆ ದಾಟಿ, ನೇರ ಪಡುವಣಕ್ಕೆ, ತೆಲಂಗಾಣದ ಉದ್ದಕ್ಕೂ ನಡೆದು ನಮ್ಮ ತಲೆಯ ಮೇಲೆಯೇ ಕಲಬುರಗಿ, ಸೊಲ್ಲಾಪುರದ ಕಡೆ ಸಾಗಿತು. ಅಂದು ಹೈದರಾಬಾದಿನ ಹೊರವಲಯದ ಘಟಕೇಸರ ಕಡೆ 32 ಸೆಂಟಿಮೀಟರ್ ಮಳೆ ಬಿತ್ತು. 1908ರ ಶಂಷಾಬಾದಿನ 12.8 ಅಂಗುಲವನ್ನು ಸೆಂಟಿಮೀಟರಿಗೆ ಬದಲಿಸಿ ನೋಡಿ: ಮೂವತ್ತೆರಡೂವರೆ. ಹೆಚ್ಚುಕಡಿಮೆ ಅದೇ ಮಳೆ.

ದೊಡ್ಡ ಕಟ್ಟೆಗಳು ತಮ್ಮ ಕೆಲಸ ಮಾಡಿದವು. ಹಿಮಾಯತ್ ಸಾಗರದ ಗೇಟು ತೆರೆದು ನೀರನ್ನು ಅಳತೆಯಲ್ಲಿ ಬಿಟ್ಟರು. ಮೂಸಿ ಉಕ್ಕಿತು, ಆದರೆ ಅದು ತುಗ್ಯಾನಿಯಾಗಲಿಲ್ಲ. ಸಾವು ಬಂದದ್ದು ಸಣ್ಣ ಕೆರೆಗಳಿಂದ, ತೆಲುಗಿನ ‘ಚೆರುವು’ಗಳಿಂದ. ಗಗನ್‌ಪಹಾಡಿನಲ್ಲಿ ಅಪ್ಪ ಚೆರುವು ಒಡೆದು ಬೆಂಗಳೂರು ಹೆದ್ದಾರಿಯನ್ನೇ ಕೊಯ್ದುಹಾಕಿತು. ಪಲ್ಲೆ ಚೆರುವಿನ ನೀರು ಅಲ್ ಜುಬೈಲ್ ಕಾಲೊನಿಗೆ ನುಗ್ಗಿತು. ಹಿಂದೆ ಕೋಡಿಯ ನೀರು ಹರಿದುಹೋಗುತ್ತಿದ್ದ ನಾಲೆಯ ಮೇಲೆ ಈಗ ಮನೆಗಳು, ಕೆರೆಯಂಗಳದಲ್ಲಿ ನಿವೇಶನಗಳು. ಸರದ ಮಣಿಗಳು ಅಲ್ಲೇ ಇವೆ, ದಾರ ಮಾತ್ರ ಕಾಣೆಯಾಗಿದೆ. ಅಪ್ಪ ಅಜ್ಜನ ಕಾಲದಿಂದ ‘ಚೆರುವು’ ಎಂದು ಕರೆಸಿಕೊಂಡ ಜಾಗದಲ್ಲಿ ಸೈಟು ಕೊಳ್ಳುವಾಗ ಆ ಹೆಸರನ್ನೊಂದು ಸಲ ಗಟ್ಟಿಯಾಗಿ ಓದಿಕೊಂಡಿದ್ದರೂ ಸಾಕಿತ್ತು.

ಅನಂತಗಿರಿಯ ಈಚೆಯ ಮೈಗೂ ಅದೇ ಮಳೆ. ಕಾಗಿಣಾ ತಾಂಡೂರಿನ ಕಡೆಯಿಂದ ಉಕ್ಕಿ ಇಳಿದು ಮಳಖೇಡದಲ್ಲಿ ಉತ್ತರಾದಿ ಮಠದೊಳಗೆ ಹೊಕ್ಕಿತು, ಜಯತೀರ್ಥರ ವೃಂದಾವನದ ಸುತ್ತ ನೀರು ನಿಂತಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟದ್ದು, ಸುತ್ತಲ ಹಳ್ಳಗಳದ್ದು ಎಲ್ಲ ಸೇರಿ ಭೀಮೆ ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ಎಂಟು ಲಕ್ಷ ಕ್ಯೂಸೆಕ್ ದಾಟಿತು. ಮಳೆ ನಿಂತು ಬಿಸಿಲು ಬಿದ್ದಮೇಲೆ, ಆಕಾಶ ತಿಳಿಯಾಗಿದ್ದಾಗ, ವಿಜಯಪುರ, ಕಲಬುರಗಿ, ಯಾದಗಿರಿಯ ಹೊಳೆಸಾಲಿನ ಊರುಗಳಿಗೆ ನೀರು ಬಂತು. ಮನೆ ಸಾಮಾನು ಟ್ರ್ಯಾಕ್ಟರಿಗೆ ಹೇರಿಕೊಂಡು ಜನ ಎತ್ತರದ ಶಾಲೆಗಳಿಗೆ ನಡೆದರು.

ನಮ್ಮ ಮಗ್ಗುಲಲ್ಲಿ ಮಂಜೀರೆ ತುಂಬಿ ಸಿಂಗೂರಿನ ಹಿನ್ನೀರು ಹೊಲದ ಬದುವಿನವರೆಗೆ ಬಂದು ನಿಂತಿತು. ನೀರು ನೋಡಿ ಖುಷಿಪಡಬೇಕೋ ಅಳಬೇಕೋ ತಿಳಿಯದ ವಾರ ಅದು. ಕೊಯ್ದು ಹೊಲದಲ್ಲೇ ಬಿಟ್ಟಿದ್ದ ಸೋಯಾ ನೀರು ಕುಡಿದು ಕಾಯಿಯೊಳಗೇ ಮೊಳಕೆ ಒಡೆಯಿತು. ಬಾಯಿಬಿಟ್ಟ ಹತ್ತಿ ಕರ್ರಗಾಗಿ ಗಿಡಕ್ಕೇ ಅಂಟಿಕೊಂಡಿತು. ತೊಗರಿಯ ಬುಡದಲ್ಲಿ ಎರೆ ಮಣ್ಣು ನೀರು ಬಿಡಲೊಲ್ಲದೆ ಕಾಲಿಟ್ಟರೆ ಮೊಣಕಾಲಿಗೆ ಹಿಡಿಯುತ್ತಿತ್ತು.

ಸುಳಿ ಮಹಾರಾಷ್ಟ್ರ ದಾಟಿ ಅರಬ್ಬೀ ಸಮುದ್ರ ಸೇರಿತು. ಅದು ನೆಲ ಬಿಟ್ಟು ಹೋದಮೇಲೆ, 17ರ ರಾತ್ರಿ, ಹೈದರಾಬಾದಿನಲ್ಲಿ ಮತ್ತೆ ಒಂದು ಜೋರು ಮಳೆ ಹೊಡೆಯಿತು. ನಾಲ್ಕು ದಿನದಿಂದ ತುಂಬಿ ನಿಂತಿದ್ದ ಗುರ್ರಂ ಚೆರುವಿನ ಏರಿ ಆ ರಾತ್ರಿ ಒಡೆದು ಹಾಫಿಜ್ ಬಾಬಾ ನಗರದ ಓಣಿಗಳಿಗೆ ಹರಿಯಿತು. ಹಿಂದಿನ ನೀರನ್ನು ಬಳಿದು ಹೊರಹಾಕಿ, ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹರವಿದ್ದವರು ಮತ್ತೆ ಮಾಳಿಗೆ ಹತ್ತಿದರು.